ಮಾತುಕತೆಗೆ ಬಾರದ ಧಣಿ

ಅಮೆರಿಕದ ಸಣ್ಣ ಊರುಗಳಿಗೆ ಹಾರುವ ವಿಮಾನಗಳ ಮೈಮೇಲೆ ಡೆಲ್ಟಾ, ಯುನೈಟೆಡ್, ಅಮೆರಿಕನ್ ಎಂಬ ದೊಡ್ಡ ಹೆಸರುಗಳಿರುತ್ತವೆ. ಟಿಕೆಟ್ಟೂ ಅದೇ ಹೆಸರಿನದು. ಹತ್ತುವಾಗ ಬಾಗಿಲ ಪಕ್ಕಕ್ಕೆ ಕಣ್ಣು ಹಾಯಿಸಿದರೆ, ನಿಜಕ್ಕೂ ಇದನ್ನು ಹಾರಿಸುತ್ತಿರುವುದು ಸ್ಕೈವೆಸ್ಟ್ ಎಂದೋ ರಿಪಬ್ಲಿಕ್ ಎಂದೋ ಎನ್ವಾಯ್ ಎಂದೋ ಸಣ್ಣ ಅಕ್ಷರಗಳಲ್ಲಿ ಬರೆದಿರುವುದು ಕಾಣುತ್ತದೆ. ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಈ ವಿಮಾನಗಳಲ್ಲಿ ಓಡಾಡಿದವರೇ. ಮುಂದೆ ಕೂತ ಇಬ್ಬರಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಪ್ರಯಾಣಿಕರಿಗೆ ಏಳುವುದಿಲ್ಲ. ಆ ಇಬ್ಬರನ್ನು ಅದು ಕೆಲಸಕ್ಕೆ ಸೇರಿದ ದಿನದಿಂದಲೂ ಬಿಡುವುದಿಲ್ಲ.

ಪ್ರಾದೇಶಿಕ ವಿಮಾನ ಕಂಪನಿಗಳ ಪೈಲಟ್‌ಗಳು ಯೂನಿಯನ್ ಕಟ್ಟಬೇಕೆ ಬೇಡವೆ ಎಂಬ ವಾದವನ್ನು ತೂಗಿ ನೋಡುವ ಮುಂಚೆ ಈ ಗುತ್ತಿಗೆಯ ಏರ್ಪಾಡು ತಿಳಿದಿರಬೇಕು. ಸಣ್ಣ ಕಂಪನಿ ಹೆಚ್ಚಾಗಿ ತಾನೇ ಟಿಕೆಟ್ ಮಾರುವುದಿಲ್ಲ, ದರ ಕಟ್ಟುವುದಿಲ್ಲ, ಯಾವ ಊರಿಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ತೀರ್ಮಾನಿಸುವುದೂ ಇಲ್ಲ. ಇಂಧನದ ಖರ್ಚು ದೊಡ್ಡ ಕಂಪನಿಯದು. ಒಂದೊಂದು ಹಾರಾಟಕ್ಕೆ ಇಷ್ಟು ಎಂದು ಹಣ ಬರುತ್ತದೆ. ಅದರಲ್ಲಿ ಲಾಭ ಉಳಿಯಬೇಕಾದರೆ ಕತ್ತರಿ ಹಾಕಲು ಸಿಗುವ ಜಾಗ ಮುಖ್ಯವಾಗಿ ಸಿಬ್ಬಂದಿಯ ಸಂಬಳ. ಗುತ್ತಿಗೆ ಮುಗಿದಾಗ ಇನ್ನೊಬ್ಬರು ಕಡಿಮೆಗೆ ಹಾರಿಸುತ್ತೇವೆಂದು ಮುಂದೆ ಬಂದರೆ ವಿಮಾನಗಳು ಅತ್ತ ಹೋಗುತ್ತವೆ. ಪೈಲಟ್ ಮಾತ್ರ ಹಾಗೆ ಸಲೀಸಾಗಿ ಹೋಗಲಾರ. ಈ ವೃತ್ತಿಯಲ್ಲಿ ಸಂಬಳ, ಡ್ಯೂಟಿ, ರಜೆ, ಕ್ಯಾಪ್ಟನ್ ಹುದ್ದೆ ಎಲ್ಲವೂ ಸೀನಿಯಾರಿಟಿ ಪಟ್ಟಿಗೆ ಅಂಟಿಕೊಂಡಿವೆ. ಕಂಪನಿ ಬದಲಿಸಿದವನು ಎಷ್ಟು ವರ್ಷ ಹಾರಿಸಿದ್ದರೂ ಹೊಸ ಪಟ್ಟಿಯ ಕೊನೆಗೆ ಹೋಗಿ ನಿಲ್ಲಬೇಕು ಎಂಬುದು ಬಹುಕಾಲದ ರೂಢಿ.

1931ರಲ್ಲಿ ಹುಟ್ಟಿದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್, ಅಂದರೆ ಆಲ್ಪಾ, ಇಂಥ ಹಲವು ಕಂಪನಿಗಳ ಪೈಲಟ್‌ಗಳನ್ನು ಪ್ರತಿನಿಧಿಸುತ್ತದೆ. ರಿಪಬ್ಲಿಕ್‌ನವರು ಟೀಮ್‌ಸ್ಟರ್ಸ್ ಯೂನಿಯನ್ ಜೊತೆಗಿದ್ದಾರೆ. ಆದರೆ ಪ್ರಾದೇಶಿಕ ಕಂಪನಿಗಳಲ್ಲೇ ಅತಿ ದೊಡ್ಡದಾದ, ಯೂಟಾ ರಾಜ್ಯದ ಸೇಂಟ್ ಜಾರ್ಜ್‌ನ ಸ್ಕೈವೆಸ್ಟ್‌ನಲ್ಲಿ ಯೂನಿಯನ್ ಕಾಲೂರಲಿಲ್ಲ. ಅಲ್ಲಿರುವುದು ಕಂಪನಿಯೊಳಗಿನ ಸಂಘ, ಸಾಪಾ. 2007ರಲ್ಲಿ ಆಲ್ಪಾ ಬೇಕೇ ಎಂದು ಮತ ಹಾಕಿದಾಗ ಅಲ್ಲಿಯ ಪೈಲಟ್‌ಗಳು ಬೇಡವೆಂದರು. ಆಗಿನ ನಿಯಮದಲ್ಲಿ ಮತ ಹಾಕದೆ ಮನೆಯಲ್ಲಿ ಕೂತವರೂ 'ಬೇಡ' ಎಂದವರ ಲೆಕ್ಕಕ್ಕೇ ಸೇರುತ್ತಿದ್ದರು. 2010ರಲ್ಲಷ್ಟೇ ಆ ನಿಯಮ ಬದಲಾಯಿತು. ಹಾಗೆಂದು ಸೋಲಿನ ಹೊಣೆಯನ್ನೆಲ್ಲ ನಿಯಮದ ತಲೆಗೆ ಕಟ್ಟುವುದು ತಪ್ಪು. ಬೇಡವೆಂದವರ ಕಾರಣಗಳು ಗಟ್ಟಿಯಾಗಿವೆ. ಯೂನಿಯನ್ ಪರ ಬರೆಯುವವರು ಅವನ್ನು ಹೇಡಿತನವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಅವರ ಮೊದಲ ಸಾಕ್ಷಿ ಕಾಮ್‌ಏರ್. ಸಿನ್ಸಿನಾಟಿಯ ಈ ಕಂಪನಿ ಡೆಲ್ಟಾದ ಸ್ವಂತದ್ದಾಗಿತ್ತು. 2001ರ ಮಾರ್ಚ್‌ನಲ್ಲಿ ಅದರ ಪೈಲಟ್‌ಗಳು ಮುಷ್ಕರಕ್ಕೆ ಇಳಿದರು. ಅಲ್ಲಿಗೆ ತಲುಪುವುದೇ ಸುಲಭವಲ್ಲ. 1926ರ ರೈಲ್ವೆ ಕಾರ್ಮಿಕ ಕಾಯ್ದೆ 1936ರಿಂದ ವಿಮಾನ ಕಂಪನಿಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಸರ್ಕಾರಿ ಮಧ್ಯಸ್ಥರು ಕೈಬಿಟ್ಟ ಮೇಲೆ ಮೂವತ್ತು ದಿನ ಕಾಯಬೇಕು. ಕಾಮ್‌ಏರ್ ಪೈಲಟ್‌ಗಳು ಅದೆಲ್ಲ ದಾಟಿ 89 ದಿನ ನೆಲದಲ್ಲಿ ನಿಂತರು, ಉತ್ತಮ ಒಪ್ಪಂದ ಗೆದ್ದರು. 2005ರಲ್ಲಿ ಡೆಲ್ಟಾ ದಿವಾಳಿ ಕೋರ್ಟಿಗೆ ಹೋದಾಗ ಗೆದ್ದದ್ದು ಕೈಜಾರತೊಡಗಿತು. 2012ರ ಸೆಪ್ಟೆಂಬರ್‌ನಲ್ಲಿ ಡೆಲ್ಟಾ ಕಾಮ್‌ಏರ್‌ನ ಬಾಗಿಲನ್ನೇ ಮುಚ್ಚಿತು. ಕೇವಲ ಮುಷ್ಕರದಿಂದ ಮುಚ್ಚಿತು ಎಂದರೆ ಸುಳ್ಳಾಗುತ್ತದೆ, ಐವತ್ತು ಸೀಟಿನ ಜೆಟ್‌ಗಳ ಕಾಲವೇ ಮುಗಿಯುತ್ತಿತ್ತು. ಆದರೂ ಗೆದ್ದ ಒಪ್ಪಂದವೊಂದು ಕಂಪನಿಯ ಸಮೇತ ಇಲ್ಲವಾದದ್ದನ್ನು ಕಂಡ ಸ್ಕೈವೆಸ್ಟ್ ಪೈಲಟ್ ಹಿಂಜರಿದರೆ ಆಶ್ಚರ್ಯವೇನು?

ಎರಡನೆಯ ಸಾಕ್ಷಿ ಇನ್ನೂ ಕಹಿ, ಯೂನಿಯನ್ನಿನ ಒಳಗಿನದು. 2013ರಲ್ಲಿ ಪಿಎಸ್ಎ ಎಂಬ ಪ್ರಾದೇಶಿಕ ಕಂಪನಿಯ ಪೈಲಟ್‌ಗಳು ಸಂಬಳದಲ್ಲಿ ರಿಯಾಯಿತಿ ಕೊಟ್ಟು ದೊಡ್ಡ ಜೆಟ್‌ಗಳನ್ನು ಪಡೆದರು. ಮರುವರ್ಷ ಅಂಥದ್ದೇ ರಿಯಾಯಿತಿಯನ್ನು ಎನ್ವಾಯ್ ಪೈಲಟ್‌ಗಳ ಮುಂದೆ ಇಟ್ಟಾಗ ಅವರು ಮತ ಹಾಕಿ ತಿರಸ್ಕರಿಸಿದರು, ಹೊಸ ವಿಮಾನಗಳು ಬೇರೆ ಕಂಪನಿಗಳ ಪಾಲಾದವು. ಕೊನೆಗೆ ಎನ್ವಾಯ್‌ನವರೂ ರಿಯಾಯಿತಿ ಒಪ್ಪಿಕೊಂಡರು. 2013ರ ಕೊನೆಯಿಂದ ಎರಡೂ ಕಂಪನಿಗಳ ಒಡೆಯ ಅಮೆರಿಕನ್ ಗುಂಪು. ಎರಡೂ ಕಡೆ ಪೈಲಟ್‌ಗಳ ಪರವಾಗಿ ಮಾತಾಡಿದ್ದು ಅದೇ ಆಲ್ಪಾ. ಒಂದೇ ಸಂಘದ ಸದಸ್ಯರು ಒಬ್ಬರಿಗಿಂತ ಒಬ್ಬರು ಕಡಿಮೆಗೆ ಒಪ್ಪುವಂತೆ ಧಣಿ ಆಡಿಸಿದಾಗ ಸಂಘಕ್ಕೆ ಅದನ್ನು ತಡೆಯಲಾಗಲಿಲ್ಲ.

ಮೂರನೆಯದನ್ನು ಯುನೈಟೆಡ್‌ನ ಸಿಆರ್‌ಜೆ-550 ವಿಮಾನ ಹತ್ತಿ ಕಣ್ಣಾರೆ ನೋಡಬಹುದು. ಇದು ಎಪ್ಪತ್ತರ ಆಸುಪಾಸು ಸೀಟು ಹಿಡಿಸುವ ಸಿಆರ್‌ಜೆ-700. ಅದರಲ್ಲಿ ಉಳಿಸಿರುವುದು ಐವತ್ತು ಸೀಟು. ಕಿತ್ತ ಸೀಟುಗಳ ಜಾಗದಲ್ಲಿ ಸಾಮಾನು ಇಡುವ ಕಪಾಟು, ಮೊದಲ ದರ್ಜೆಯವರು ತಾವೇ ತಿಂಡಿ ತೆಗೆದುಕೊಳ್ಳುವ ಕಟ್ಟೆ. ಯುನೈಟೆಡ್ ತನ್ನ ಸ್ವಂತ ಪೈಲಟ್‌ಗಳ ಜೊತೆ ಮಾಡಿಕೊಂಡ ಒಪ್ಪಂದ, ಗುತ್ತಿಗೆ ಕಂಪನಿಗಳು ಎಷ್ಟು ಸೀಟಿನ ಎಷ್ಟು ವಿಮಾನ ಹಾರಿಸಬಹುದು ಎಂದು ಮಿತಿ ಹಾಕುತ್ತದೆ. ಸಾಮಾನ್ಯವಾಗಿ 76 ಸೀಟು ಕಟ್ಟಕಡೆ. ಮಿತಿ ಹಾಕಿಸಿದ್ದು ಆಲ್ಪಾ. ಮಿತಿಯ ಕೆಳಗೆ ದುಡಿಯುವ ಪೈಲಟ್‌ಗಳಲ್ಲೂ ಅನೇಕರು ಆಲ್ಪಾದವರೇ. ದೊಡ್ಡ ಕಂಪನಿಯ ಪೈಲಟ್‌ಗೆ ಇದು ತನ್ನ ಕೆಲಸ ಅಗ್ಗದ ಗುತ್ತಿಗೆಗೆ ಹೋಗದಂತೆ ಕಾಯುವ ಬೇಲಿ. ಸಣ್ಣ ಕಂಪನಿಯವನಿಗೆ ಅದೇ ಬೇಲಿ ತಲೆಯ ಮೇಲಿನ ಚಪ್ಪಡಿ. ಎರಡೂ ನಿಜ.

2022ರಲ್ಲಿ ಪೈಲಟ್‌ಗಳ ಕೊರತೆ ಬಿಗಿಯಾದಾಗ ಅಮೆರಿಕನ್ ಗುಂಪಿನ ಎನ್ವಾಯ್, ಪೀಡ್‌ಮಾಂಟ್, ಪಿಎಸ್ಎ ಸಂಬಳ ಏರಿಸಿದವು. ಯೂನಿಯನ್ ಇಲ್ಲದ ಸ್ಕೈವೆಸ್ಟ್ ಕೂಡ ಹಿಂದೆಯೇ ಏರಿಸಿತು. ಹಾಗಾದರೆ ಸಂಬಳದಲ್ಲಿ ಒಂದು ಪಾಲನ್ನು ಯೂನಿಯನ್ನಿಗೆ ಏಕೆ ಕೊಡಬೇಕು ಎನ್ನುತ್ತಾರೆ ಬೇಡವೆನ್ನುವವರು.

ಸಂಬಳವೊಂದೇ ಮಾತಾಗಿದ್ದರೆ ಈ ವಾದಕ್ಕೆ ನಾನು ತಲೆದೂಗುತ್ತಿದ್ದೆ. ನನ್ನನ್ನು ತಡೆಯುವುದು 2009ರ ಫೆಬ್ರುವರಿ 12ರ ರಾತ್ರಿ. ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್ ವಿಮಾನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು ಸತ್ತರು. ಟಿಕೆಟ್ ಮೇಲಿದ್ದ ಹೆಸರು ಕಾಂಟಿನೆಂಟಲ್. ಕೋ-ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಹೊರಟು, ಸರಕು ವಿಮಾನದಲ್ಲಿ ಮೆಂಫಿಸ್ ಮೂಲಕ ನ್ಯೂವಾರ್ಕ್ ತಲುಪಿ, ಸಿಬ್ಬಂದಿಯ ಕೋಣೆಯಲ್ಲಿ ಒಂದಿಷ್ಟು ಕಣ್ಣುಮುಚ್ಚಿದ್ದಳು. ಆಕೆಗೆ ನೆಗಡಿ ಹಿಡಿದಿತ್ತು. ವಿಚಾರಣೆಯಲ್ಲಿ ಬಂದ ಆಕೆಯ ವರ್ಷದ ಸಂಬಳದ ಅಂಕಿ ಹದಿನಾರು ಸಾವಿರ ಡಾಲರಿನ ಆಸುಪಾಸು, ಅದಕ್ಕಿಂತ ಹೆಚ್ಚೆಂದು ಕಂಪನಿ ಬಳಿಕ ಹೇಳಿತು. ತನಿಖಾ ಮಂಡಳಿ ಕಂಡುಕೊಂಡ ಕಾರಣ, ವೇಗ ಕುಸಿದ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು. ಇಬ್ಬರಿಗೂ ದಣಿವಿದ್ದಿರಬಹುದು, ಅದರ ಪಾಲೆಷ್ಟೆಂದು ಹೇಳಲಾಗದು ಎಂದಿತು. ಕೋಲ್ಗನ್ ಪೈಲಟ್‌ಗಳು ಆಲ್ಪಾವನ್ನು ಆರಿಸಿಕೊಂಡದ್ದು 2008ರ ಕೊನೆಯಲ್ಲಷ್ಟೇ. ಯೂನಿಯನ್ ಮೊದಲೇ ಇದ್ದಿದ್ದರೆ ಆ ಐವತ್ತು ಜೀವ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಸತ್ತವರ ಹೆಸರಿನಲ್ಲಿ ಅಷ್ಟು ಅಗ್ಗದ ಮಾತು ಆಡಬಾರದು.

ಆ ರಾತ್ರಿ ಎತ್ತಿದ ಪ್ರಶ್ನೆ ಬೇರೆ. ಸತ್ತವರ ಮನೆಯವರು ಬೆನ್ನುಹತ್ತಿ ಮಾಡಿಸಿದ 2010ರ ಕಾನೂನಿನಿಂದ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಕಡ್ಡಾಯವಾಯಿತು. 2014ರಿಂದ ಡ್ಯೂಟಿಗೆ ಮುಂಚೆ ಹತ್ತು ಗಂಟೆಯ ವಿರಾಮ ಬಂತು. ದಣಿದಿದ್ದೇನೆ ಎಂದು ಪೈಲಟ್ ಹೇಳಿದರೆ ಹಾರಿಸಲು ಕಳಿಸುವಂತಿಲ್ಲ ಎಂದೂ ನಿಯಮ ಹೇಳುತ್ತದೆ. ಹಾಗೆ ಹೇಳಿದ ಮರುದಿನ ಏನು? ಆ ಹಾರಾಟದ ಸಂಬಳ ಹೋಗುತ್ತದೆಯೇ? ಕಚೇರಿಗೆ ಕರೆದು ಕಾರಣ ಕೇಳುತ್ತಾರೆಯೇ? ಮೂರನೆಯ ಸಲ ಹೇಳಿದವನ ಹೆಸರು ಯಾವ ಕಡತಕ್ಕೆ ಸೇರುತ್ತದೆ? ಇದಕ್ಕೆ ಉತ್ತರ ಇರಬೇಕಾದದ್ದು ಕೋರ್ಟಿನಲ್ಲಿ ನಿಲ್ಲುವ ಒಪ್ಪಂದದಲ್ಲಿ, ಕಂಪನಿಗೆ ಸೇರದ ಪಂಚರ ಮುಂದೆ ದೂರು ಒಯ್ಯುವ ಹಕ್ಕಿನಲ್ಲಿ, ಸ್ವಂತ ದುಡ್ಡಿನಿಂದ ವಕೀಲರನ್ನು ಇಡಬಲ್ಲ ಸಂಘದಲ್ಲಿ. ಕಂಪನಿಯ ಬೆಂಬಲದಿಂದ ನಡೆಯುವ ಸಂಘದವರು ಒಳ್ಳೆಯವರಿರಬಹುದು, ಸಂಬಳವನ್ನೂ ಜಾಣತನದಿಂದ ಏರಿಸಿಕೊಟ್ಟಿರಬಹುದು. ಕಂಪನಿಗೆ ಎದುರಾಗಿ ಒಬ್ಬ ಪೈಲಟ್‌ನ ಬೆನ್ನಿಗೆ ನಿಲ್ಲಬೇಕಾದ ದಿನ ಅವರ ಕಾಲಡಿಯ ನೆಲ ಕಂಪನಿಯದೇ ಆಗಿರುತ್ತದೆ. ಇದೊಂದೇ ಕಾರಣಕ್ಕೆ ನನ್ನ ಮತ ಯೂನಿಯನ್ನಿಗೆ.

ಆದರೆ ಒಂದೊಂದು ಗುತ್ತಿಗೆ ಕಂಪನಿಯಲ್ಲಿ ಬಿಡಿಬಿಡಿಯಾಗಿ ಕಟ್ಟಿದ ಯೂನಿಯನ್ ಮಾತುಕತೆಗೆ ಕೂರುವುದು ಹಣದ ಚೀಲ ಕೈಯಲ್ಲಿಲ್ಲದವನ ಜೊತೆ. ಕಾಮ್‌ಏರ್, ಪಿಎಸ್ಎ, ಎನ್ವಾಯ್ ಮೂರರಲ್ಲೂ ತೀರ್ಮಾನ ಆದದ್ದು ಮೇಲಿನ ಕಚೇರಿಯಲ್ಲಿ. ಇದನ್ನು ಕಾಮ್‌ಏರ್ ಮತ್ತು ಎಎಸ್ಎ ಎಂಬ ಇನ್ನೊಂದು ಪ್ರಾದೇಶಿಕ ಕಂಪನಿಯ ಪೈಲಟ್‌ಗಳು ಬಹಳ ಮುಂಚೆಯೇ ಕಂಡಿದ್ದರು. ಎರಡೂ ಡೆಲ್ಟಾದ ಸ್ವಂತ ಕಂಪನಿಗಳಾದ ಮೇಲೆ, ತಮ್ಮನ್ನು ಡೆಲ್ಟಾ ಪೈಲಟ್‌ಗಳ ಜೊತೆ ಒಂದೇ ಸೀನಿಯಾರಿಟಿ ಪಟ್ಟಿಗೆ ಸೇರಿಸಿ ಎಂದು ಆಲ್ಪಾಕ್ಕೆ ಅರ್ಜಿ ಕೊಟ್ಟರು. ಆಲ್ಪಾ ನಿರಾಕರಿಸಿತು. ಅಸಮಾಧಾನಗೊಂಡವರಲ್ಲಿ ಕೆಲವರು ತಮ್ಮದೇ ಯೂನಿಯನ್ನಿನ ಮೇಲೆ ಕೋರ್ಟಿಗೆ ಹೋದರು. ಆಲ್ಪಾದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಕಾಣೆ. ಒಂದೇ ಪಟ್ಟಿಯಾಗಿದ್ದರೆ ಒಬ್ಬರನ್ನು ತೋರಿಸಿ ಇನ್ನೊಬ್ಬರ ಸಂಬಳ ಇಳಿಸುವ ಆಟಕ್ಕೆ ಜಾಗವೇ ಇರುತ್ತಿರಲಿಲ್ಲ. ಸೇಂಟ್ ಜಾರ್ಜ್‌ನ ಪೈಲಟ್‌ಗಳ ಬಳಿ ಆಲ್ಪಾ ಮತ್ತೆ ಮತ ಕೇಳಲು ಹೋಗುವುದಾದರೆ ಸಾಪಾದ ದೋಷಗಳ ಪಟ್ಟಿಯನ್ನಷ್ಟೇ ಒಯ್ದರೆ ಸಾಲದು. ಆ ಅರ್ಜಿಗೆ ಇಂದಾದರೂ ಏನು ಉತ್ತರ ಕೊಡುತ್ತೀರಿ ಎಂದು ಕೇಳುವ ಹಕ್ಕು ಅವರಿಗಿದೆ.