ಸೋತವರ ಹಣದಲ್ಲಿ ಅಗ್ಗದ ಕ್ಯಾಮೆರಾ

ಹರಾಜಿನಲ್ಲಿ ಸೋತವನಿಗೆ ನಷ್ಟವಿಲ್ಲ. ಹಳೆಯ ಕಾರಾಗಲಿ, ಮನೆಯ ಮಂಚವಾಗಲಿ, ಬೆಲೆ ತನ್ನ ಕೈಮೀರಿ ಹೋದಾಗ ಆತ ಕಿಸೆಯ ಹಣವನ್ನು ಕಿಸೆಯಲ್ಲೇ ಇಟ್ಟುಕೊಂಡು ಮನೆಗೆ ಮರಳುತ್ತಾನೆ. ಹರಾಜಿನ ಮೇಲೆ ಜನರಿಗಿರುವ ನಂಬಿಕೆಯ ತಳಹದಿ ಇದೇ. ಈ ತಳಹದಿಯನ್ನೇ ಕಿತ್ತುಹಾಕಿ, ಆಮೇಲೆ ‘ನಮ್ಮನ್ನು ನಂಬಿ’ ಎಂದು ಕೇಳಿಕೊಂಡ ಒಂದು ವ್ಯಾಪಾರವಿದೆ. ಅದಕ್ಕೆ ‘ಪೆನ್ನಿ ಆಕ್ಷನ್’ ಎಂದು ಹೆಸರು. ಇಲ್ಲಿ ಕೂಗುವ ಪ್ರತಿಯೊಂದು ಸವಾಲಿಗೂ ಶುಲ್ಕ ಕಟ್ಟಬೇಕು. ಸೋತರೂ ಗೆದ್ದರೂ ಆ ಶುಲ್ಕ ಹಿಂದೆ ಬರುವುದಿಲ್ಲ.

2005ರಲ್ಲಿ ಜರ್ಮನಿಯಲ್ಲಿ ‘ಟೆಲಿಬಿಡ್’ ಎಂಬ ಹೆಸರಿನಲ್ಲಿ ಹುಟ್ಟಿ, 2008ರಲ್ಲಿ ‘ಸ್ವೂಪೊ’ ಎಂದು ಹೆಸರು ಬದಲಿಸಿಕೊಂಡು ಅಮೆರಿಕಕ್ಕೆ ದಾಟಿದ ಕಂಪೆನಿ ಈ ವ್ಯಾಪಾರವನ್ನು ಜಗತ್ತಿಗೆ ಪರಿಚಯಿಸಿತು. 2009ರಲ್ಲಿ ಅಮೆರಿಕದ ಕ್ವಿಬಿಡ್ಸ್, ಫಿನ್‌ಲ್ಯಾಂಡಿನ ಡೀಲ್‌ಡ್ಯಾಶ್ ಅದೇ ದಾರಿ ಹಿಡಿದವು.

ಲೆಕ್ಕ ಹಾಕಿ ನೋಡೋಣ. 500 ಡಾಲರಿನ ಒಂದು ಕ್ಯಾಮೆರಾ ಹರಾಜಿಗಿದೆ ಎಂದುಕೊಳ್ಳಿ. ಒಂದು ಸವಾಲಿಗೆ 60 ಸೆಂಟ್ ಶುಲ್ಕ. ಪ್ರತಿ ಸವಾಲಿಗೆ ಬೆಲೆ ಏರುವುದು ಒಂದೇ ಒಂದು ಸೆಂಟ್. ಜೊತೆಗೆ ಗಡಿಯಾರಕ್ಕೆ ಹತ್ತಿಪ್ಪತ್ತು ಸೆಕೆಂಡುಗಳು ಸೇರಿಕೊಳ್ಳುತ್ತವೆ. ಗಡಿಯಾರ ಸೊನ್ನೆ ಮುಟ್ಟಿದಾಗ ಕೊನೆಯ ಸವಾಲು ಯಾರದೋ ಅವರು ಗೆದ್ದರು. ಕ್ಯಾಮೆರಾ 40 ಡಾಲರಿಗೆ ಹೋಯಿತು. ಆಹಾ, ಎಷ್ಟು ಅಗ್ಗ! ಆದರೆ 40 ಡಾಲರ್ ತಲುಪಲು 4000 ಸವಾಲುಗಳು ಬಿದ್ದಿವೆ. ಅವುಗಳ ಶುಲ್ಕವೇ 2400 ಡಾಲರ್. ಗೆದ್ದವನು 200 ಸವಾಲು ಕೂಗಿದ್ದರೆ ಅವನಿಗೆ ಒಟ್ಟು ತಗುಲಿದ್ದು 160 ಡಾಲರ್. ಉಳಿದವರು 2280 ಡಾಲರ್ ತೆತ್ತು ಬರಿಗೈಯಲ್ಲಿ ಎದ್ದರು. ಕಂಪೆನಿಗೆ ಬಂದದ್ದು 2440 ಡಾಲರ್. ಇಲ್ಲಿ ಯಾರೂ ಯಾರಿಗೂ ಸುಳ್ಳು ಹೇಳಿಲ್ಲ ಎಂಬುದನ್ನು ಗಮನಿಸಬೇಕು.

ಸುಳ್ಳು ಹೇಳಿದವರೂ ಇದ್ದರು. ಕೆಲವು ತಾಣಗಳು ತಾವೇ ನಕಲಿ ಗ್ರಾಹಕರನ್ನು ಸೃಷ್ಟಿಸಿ, ಗಣಕದಿಂದ ಸವಾಲು ಕೂಗಿಸಿ ಬೆಲೆ ಏರಿಸುತ್ತಿದ್ದವು. 2011ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಹರಾಜುಗಳ ಬಗ್ಗೆ ಗ್ರಾಹಕರನ್ನು ಎಚ್ಚರಿಸಿತು. ಇದು ಹರಾಜಿಗಿಂತ ಲಾಟರಿಗೆ ಹತ್ತಿರ ಎಂಬುದು ಅದರ ಮಾತಿನ ಸಾರ. ಆಗ ‘ಪ್ರಾಮಾಣಿಕ’ ಕಂಪೆನಿಗಳು ವಿಶ್ವಾಸ ಗಳಿಸಲು ಹೊರಟವು. ನಮ್ಮಲ್ಲಿ ನಕಲಿ ಸವಾಲುಗಳಿಲ್ಲ, ಮೊದಲ ಸಲ ಕೊಂಡ ಸವಾಲುಗಳ ಹಣ ವಾಪಸು, ಇಗೋ ಗೆದ್ದವರ ನಗುಮುಖದ ಭಾವಚಿತ್ರಗಳು!

ಈ ಕ್ರಮಗಳೆಲ್ಲ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರದಂತಿವೆ. 1995ರಲ್ಲಿ ಆರಂಭವಾದ ಇಬೇಯಲ್ಲಿ ಗ್ರಾಹಕನ ಭಯ ಬೇರೆಯಿತ್ತು. ದುಡ್ಡು ಕಳಿಸಿದರೆ ವಸ್ತು ಬರುತ್ತದೆಯೇ, ಎಲ್ಲಿಯೋ ಇರುವ ಅಪರಿಚಿತನನ್ನು ನಂಬಬಹುದೇ? ಕೊಂಡವರು, ಮಾರಿದವರು ಪರಸ್ಪರ ಬರೆದ ಅಭಿಪ್ರಾಯಗಳು ಆ ಭಯವನ್ನು ಬಹುಮಟ್ಟಿಗೆ ತಗ್ಗಿಸಿದವು. ಪೆನ್ನಿ ಆಕ್ಷನ್‌ನಲ್ಲಿ ಗೆದ್ದವನಿಗೆ ಕ್ಯಾಮೆರಾ ಖಂಡಿತ ಬರುತ್ತದೆ. ಅವನು ಮನಸಾರೆ ಹೊಗಳುತ್ತಾನೆ, ಹೊಗಳದೆ ಏನು ಮಾಡಿಯಾನು? ಆದರೆ ಆ ಭಾವಚಿತ್ರದ ಪಕ್ಕದಲ್ಲಿ ಸೋತವರಿಗೆ ಜಾಗವಿಲ್ಲ.

ಒಂದು ಕ್ರಮವನ್ನು ಮಾತ್ರ ತಳ್ಳಿಹಾಕಲಾಗದು. ಸೋತವನು ತಾನು ತೆತ್ತ ಶುಲ್ಕವನ್ನು ಕಳೆದು, ಉಳಿದ ಹಣ ಕಟ್ಟಿ, ಅದೇ ವಸ್ತುವನ್ನು ಕೊಳ್ಳಬಹುದು. ಸ್ವೂಪೊ ಕೂಡಾ 2009ರಲ್ಲಿ ಇದನ್ನು ತಂದಿತು. ನೂರಾರು ಸವಾಲು ಕೂಗಿದವನಿಗೆ ಇದು ನಿಜವಾದ ಆಸರೆ. ಆದರೆ 50 ಸವಾಲು ಕೂಗಿ 30 ಡಾಲರ್ ಕಳೆದುಕೊಂಡವನು ಅದನ್ನು ಉಳಿಸಿಕೊಳ್ಳಲು ಇನ್ನೂ 470 ಡಾಲರ್ ಹೊಂದಿಸಬೇಕು. ಅಷ್ಟು ಹಣವಿದ್ದರೆ ಅವನೇಕೆ ಇಲ್ಲಿಗೆ ಬರುತ್ತಿದ್ದ? ಅಲ್ಲದೆ ಆ ‘ಅಂಗಡಿ ಬೆಲೆ’ಯನ್ನು ನಿಗದಿ ಮಾಡುವುದೂ ಕಂಪೆನಿಯೇ.

ಈ ಬಲೆ ಹೊಸದೇನಲ್ಲ. ಅರ್ಥಶಾಸ್ತ್ರಜ್ಞ ಮಾರ್ಟಿನ್ ಶೂಬಿಕ್ 1971ರಲ್ಲಿ ಒಂದು ಆಟವನ್ನು ವಿವರಿಸಿದ್ದರು. ಒಂದು ಡಾಲರಿನ ನೋಟು ಹರಾಜಿಗಿದೆ. ಎರಡನೆಯ ಸ್ಥಾನದಲ್ಲಿ ಉಳಿದವನೂ ತಾನು ಕೂಗಿದಷ್ಟು ಹಣ ಕೊಡಬೇಕು. ಕೊಟ್ಟದ್ದು ವ್ಯರ್ಥವಾಗಬಾರದೆಂದು ಇಬ್ಬರೂ ಏರಿಸುತ್ತಾ ಹೋಗಿ, ಒಂದು ಡಾಲರಿಗೆ ಒಂದು ಡಾಲರಿಗಿಂತ ಹೆಚ್ಚು ಕೂಗಿಬಿಡುತ್ತಾರೆ. ಬರ್ಕ್ಲಿಯ ಸಂಶೋಧಕ ನೆಡ್ ಆಗನ್‌ಬ್ಲಿಕ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,66,000 ಪೆನ್ನಿ ಆಕ್ಷನ್‌ಗಳನ್ನು ಪರಿಶೀಲಿಸಿದರು. ಸರಾಸರಿ ಲಾಭಾಂಶ ಶೇ. 50ನ್ನು ಮೀರಿತ್ತು. ಕಾರಣ ಅದೇ: ಕಳೆದ ಹಣದ ಮೋಹ. ಆಟಗಾರರು ನಿಧಾನವಾಗಿಯಾದರೂ ಪಾಠ ಕಲಿಯುತ್ತಾರೆಂದೂ ಅವರು ಕಂಡುಕೊಂಡರು. ಅಂದರೆ ಅನುಭವ ಹೆಚ್ಚಿದಂತೆ ಗ್ರಾಹಕ ಈ ಅಂಗಡಿಗೆ ಹತ್ತಿರವಾಗುವುದಿಲ್ಲ, ದೂರವಾಗುತ್ತಾನೆ. ಇಂಥ ಅಂಗಡಿಗೆ ಪ್ರತಿದಿನವೂ ಏನೂ ಅರಿಯದ ಹೊಸಬರು ಬೇಕು. ಬಂಡವಾಳ ಹೂಡುವವರಿಗೆ ಇದು ಕಾಣಲಿಲ್ಲವೆಂದೇನೂ ಇಲ್ಲ, ಕಂಡೂ ಹಣ ಹೂಡಿದರು. ಸ್ವೂಪೊದ ಮಾತೃಸಂಸ್ಥೆ 2011ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು.

ವಿಶ್ವಾಸ ಗಳಿಸುವ ಆಸೆ ನಿಜವಾಗಿದ್ದರೆ ಲೆಕ್ಕ ಪರಿಶೋಧಕರ ಅಗತ್ಯವೂ ಇರಲಿಲ್ಲ. ಪ್ರತಿ ಸವಾಲಿಗೆ ಒಂದು ಸೆಂಟ್ ಏರುವ ಹರಾಜಿನಲ್ಲಿ ಅಂತಿಮ ಬೆಲೆಯೇ ಸವಾಲುಗಳ ಸಂಖ್ಯೆಯನ್ನು ಹೇಳಿಬಿಡುತ್ತದೆ. ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೂ ಸ್ವೂಪೊ ತನ್ನ ಪುಟದಲ್ಲಿ ಗೆದ್ದವನ ‘ಉಳಿತಾಯ’ವನ್ನು ಮಾತ್ರ ತಾನೇ ಲೆಕ್ಕ ಮಾಡಿ ತೋರಿಸುತ್ತಿತ್ತು. ಕಳೆಯುವ ಲೆಕ್ಕ ಕಂಪೆನಿಯದು, ಗುಣಿಸುವ ಲೆಕ್ಕ ನಮ್ಮ ಪಾಲಿಗೆ. ‘ಈ ಕ್ಯಾಮೆರಾಕ್ಕೆ ನಮಗೆ ಸಂದದ್ದು 2440 ಡಾಲರ್’ ಎಂಬ ಒಂದೇ ಸಾಲನ್ನು ಆ ನಗುಮುಖದ ಕೆಳಗೆ ಅಚ್ಚು ಹಾಕಿದ್ದರೆ ಸಾಕಿತ್ತು. ಅದನ್ನು ಓದಿದ ಮೇಲೂ ಸವಾಲು ಕೂಗುವವರು ಎಷ್ಟು ಮಂದಿ ಉಳಿಯುತ್ತಿದ್ದರೋ!