ಸಕ್ಕರೆ ಬಟ್ಟಲು ಮತ್ತು ಓದುಗರ ತೀರ್ಪು: ಶರ್ಲಿ ಜಾಕ್ಸನ್ ಅವರ ಕಾದಂಬರಿಯೊಂದಕ್ಕೆ ಬಂದ ಪ್ರತಿಕ್ರಿಯೆಗಳು

ಕೃತಿಯೊಂದನ್ನು ಕುರಿತು ವಿಮರ್ಶಕರು ಬರೆದದ್ದನ್ನು ನಾವು ಸಾಹಿತ್ಯ ಚರಿತ್ರೆಯ ಭಾಗವೆಂದು ಪರಿಗಣಿಸುತ್ತೇವೆ. ಅದೇ ಕೃತಿಯನ್ನು ಕುರಿತು ಸಾಮಾನ್ಯ ಓದುಗರು ಆಡಿದ ಮಾತುಗಳಿಗೆ ಆ ಮನ್ನಣೆ ದೊರೆಯುವುದಿಲ್ಲ. ಭಯವನ್ನೇ ಪ್ರಧಾನ ಭಾವವಾಗಿ ಉಳ್ಳ ಕಾದಂಬರಿಗಳ ವಿಷಯದಲ್ಲಂತೂ ಈ ಉಪೇಕ್ಷೆ ಇಮ್ಮಡಿಯಾಗಿದೆ. ಅಂಥ ಕೃತಿಗಳು ಕಾಲಕ್ಷೇಪದ ಸಾಹಿತ್ಯ, ಅವುಗಳನ್ನು ಮೆಚ್ಚುವವರ ಅಭಿಪ್ರಾಯವೂ ಅಷ್ಟೇ ಹಗುರ ಎಂಬ ತೀರ್ಮಾನ ನಮ್ಮ ವಿದ್ವತ್ ವಲಯದಲ್ಲಿ ಬಹುಕಾಲ ಇತ್ತು. ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಅವರ 'ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್' (1962) ಎಂಬ ಮನೋವೈಜ್ಞಾನಿಕ ಭಯಾನಕ ಕಾದಂಬರಿಯ ಮಟ್ಟಿಗೆ ಈ ತೀರ್ಮಾನ ನಿಲ್ಲುವುದಿಲ್ಲ. ಈ ಕೃತಿಯ ಅರ್ಥದ ಒಂದು ಮುಖ್ಯ ಭಾಗ ಅದರ ಓದುಗರು ಯಾರ ಪರ ವಹಿಸಿದರು ಎಂಬುದರಲ್ಲಿಯೇ ಅಡಗಿದೆ. ಪ್ರಸ್ತುತ ಲೇಖನದಲ್ಲಿ ಆ ಪಕ್ಷಪಾತವನ್ನು ಪರಿಶೀಲಿಸುವ ಪ್ರಯತ್ನ ಮಾಡಲಾಗಿದೆ.

ಕಥಾವಸ್ತುವನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಒಂದು ಹಳ್ಳಿಯ ಅಂಚಿನಲ್ಲಿ, ಬೇಲಿ ಹಾಕಿದ ವಿಶಾಲವಾದ ಮನೆಯಲ್ಲಿ ಬ್ಲ್ಯಾಕ್‌ವುಡ್ ಮನೆತನದ ಮೂವರು ಉಳಿದಿದ್ದಾರೆ: ಹದಿನೆಂಟು ವರ್ಷದ ಮೇರಿ ಕ್ಯಾಥರೀನ್ ಅಂದರೆ ಮೆರಿಕ್ಯಾಟ್, ಅವಳ ಅಕ್ಕ ಕಾನ್‌ಸ್ಟನ್ಸ್, ಗಾಲಿಕುರ್ಚಿಯಲ್ಲಿ ಕುಳಿತ ತಂದೆಯ ಸೋದರ ಜೂಲಿಯನ್. ಆರು ವರ್ಷಗಳ ಹಿಂದೆ ಒಂದು ರಾತ್ರಿಯ ಊಟದಲ್ಲಿ ಹಣ್ಣಿನ ಮೇಲೆ ಉದುರಿಸಿಕೊಂಡ ಸಕ್ಕರೆಯಲ್ಲಿ ಆರ್ಸೆನಿಕ್ ಎಂಬ ಪಾಷಾಣ ಬೆರೆತಿತ್ತು. ತಂದೆ, ತಾಯಿ, ತಮ್ಮ ಥಾಮಸ್, ಜೂಲಿಯನ್‌ನ ಹೆಂಡತಿ ಡೊರೊಥಿ ಸತ್ತರು. ಸ್ವಲ್ಪವೇ ತಿಂದ ಜೂಲಿಯನ್ ಬದುಕುಳಿದು ರೋಗಿಯಾದ. ಸಕ್ಕರೆ ಹಾಕಿಕೊಳ್ಳದ ಕಾನ್‌ಸ್ಟನ್ಸ್ ಮೇಲೆ ಆರೋಪ ಬಂದು, ವಿಚಾರಣೆ ನಡೆದು, ಬಿಡುಗಡೆಯೂ ಆಯಿತು. ಆಗ ಹನ್ನೆರಡು ವರ್ಷದವಳಾಗಿದ್ದ ಮೆರಿಕ್ಯಾಟ್‌ಳನ್ನು ಆ ರಾತ್ರಿ ಶಿಕ್ಷೆಯಾಗಿ ಊಟವಿಲ್ಲದೆ ಮಲಗಲು ಕಳಿಸಿದ್ದರು. ಕಥೆಯನ್ನು ಹೇಳುವವಳು ಅವಳೇ. ವಿಷ ಬೆರೆಸಿದವಳು ತಾನೇ ಎಂಬುದನ್ನು ಕಾದಂಬರಿಯ ಬಹುಭಾಗ ಕಳೆದ ಮೇಲೆ, ಅಕ್ಕನೊಂದಿಗೆ ಮನೆಯ ಮಾತು ಆಡುವಷ್ಟು ಸಹಜವಾಗಿ ಅವಳು ಒಪ್ಪುತ್ತಾಳೆ. ಅಕ್ಕನಿಗೆ ಅದು ಮೊದಲೇ ಗೊತ್ತಿತ್ತು. ಪೊಲೀಸರು ಬರುವ ಮೊದಲೇ ಆಕೆ ಸಕ್ಕರೆ ಬಟ್ಟಲನ್ನು ತೊಳೆದಿಟ್ಟಿದ್ದಳು. ಅದರಲ್ಲಿ ಜೇಡ ಬಿದ್ದಿತ್ತು ಎಂದು ಕಾರಣ ಹೇಳಿದ್ದಳು.

ಓದುಗರ ಪ್ರತಿಕ್ರಿಯೆ ಎಂಬುದು ಜಾಕ್ಸನ್ ಅವರಿಗೆ ಹೊಸದಾಗಿರಲಿಲ್ಲ. 1948ರ ಜೂನ್ ತಿಂಗಳಲ್ಲಿ 'ದ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಅವರ 'ದ ಲಾಟರಿ' ಕಥೆ ಪ್ರಕಟವಾದಾಗ ಆ ಬೇಸಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಪತ್ರಗಳು ಬಂದವು. ಅವುಗಳಲ್ಲಿ ಒಳ್ಳೆಯ ಮಾತಾಡಿದವು ಹದಿಮೂರು ಮಾತ್ರ, ಅವೂ ಬಹುಪಾಲು ಸ್ನೇಹಿತರಿಂದ ಬಂದವು ಎಂದು ಅವರೇ ಆಮೇಲೆ ಒಂದು ಉಪನ್ಯಾಸದಲ್ಲಿ ಹೇಳಿಕೊಂಡರು. ದಿಗ್ಭ್ರಮೆ, ಊಹೆ, ಬೈಗುಳ ಎಂಬ ಮೂರು ಬಗೆಗಳಲ್ಲಿ ಆ ಪತ್ರಗಳನ್ನು ಅವರು ವಿಂಗಡಿಸಿದ್ದರು. ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ನಾವು ಹೋಗಿ ನೋಡಬಹುದೇ ಎಂದು ಕೇಳಿದವರೂ ಇದ್ದರು. ಜಾಕ್ಸನ್ ಆ ಕಾಗದಗಳನ್ನು ಬಿಸಾಡದೆ ಇಟ್ಟುಕೊಂಡರು. ಅವರ ಬರಹ ಸಂಗ್ರಹ ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಂಶೋಧಕರಿಗೆ ಲಭ್ಯವಿದೆ. (ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಿಗೆ ಓದುಗರು ಬರೆದ ಪತ್ರಗಳ ಗತಿಯನ್ನು ಇಲ್ಲಿ ನೆನೆಯದಿರುವುದೇ ಲೇಸು, ಅವುಗಳಲ್ಲಿ ಎಷ್ಟೋ ರದ್ದಿಯ ಪಾಲಾದವು.) ಕಲ್ಲೆಸೆಯುವ ಊರಿನ ಕಥೆ ಓದಿ ಲೇಖಕಿಯ ಮೇಲೆಯೇ ಕಲ್ಲೆಸೆದ ಓದುಗ ಸಮುದಾಯದ ಈ ಅನುಭವ 1962ರ ಕಾದಂಬರಿಯ ಹಳ್ಳಿಯನ್ನು ರೂಪಿಸಿರಬಹುದು ಎಂಬ ಊಹೆಗೆ ಅವಕಾಶವಿದೆ. ಅಲ್ಲಿಯೂ ಮನೆಗೆ ಬಿದ್ದ ಬೆಂಕಿಯನ್ನು ಆರಿಸಿದ ಬಳಿಕ ಅಗ್ನಿಶಾಮಕ ದಳದ ಮುಖ್ಯಸ್ಥನೇ ಮೊದಲ ಕಲ್ಲನ್ನು ಎಸೆಯುತ್ತಾನೆ, ಉಳಿದವರು ಹಿಂಬಾಲಿಸುತ್ತಾರೆ.

ಆದರೆ ಈ ಕಾದಂಬರಿಗೆ ಬಂದ ಸ್ವಾಗತ 'ಲಾಟರಿ'ಯದಕ್ಕೆ ತದ್ವಿರುದ್ಧವಾಗಿತ್ತು. 'ಟೈಮ್' ಪತ್ರಿಕೆ 1962ರ ಹತ್ತು ಉತ್ತಮ ಕಾದಂಬರಿಗಳಲ್ಲಿ ಇದನ್ನೂ ಸೇರಿಸಿತು. ಯಾರನ್ನೂ ಕೊಲ್ಲದ ಲೇಖಕಿಯನ್ನು ನಿಂದಿಸಿದ ಓದುಗರು ನಾಲ್ವರನ್ನು ಕೊಂದ ಹುಡುಗಿಯನ್ನು ಮೆಚ್ಚಿಕೊಂಡರು. ಈ ವೈಚಿತ್ರ್ಯಕ್ಕೆ ಕಾರಣವೇನು?

ಇದುವರೆಗಿನ ಅಭಿಪ್ರಾಯಗಳನ್ನು ಗಮನಿಸಿದರೆ ಅವು ಬಹುಮಟ್ಟಿಗೆ ಭಯದ ಮೂಲ ಎಲ್ಲಿದೆ ಎಂಬ ಪ್ರಶ್ನೆಯ ಸುತ್ತ ಹೆಣೆದುಕೊಂಡಿವೆ. ಲೇಖಕಿಯ ಪತಿಯೂ ವಿಮರ್ಶಕರೂ ಆಗಿದ್ದ ಸ್ಟ್ಯಾನ್ಲಿ ಎಡ್ಗರ್ ಹೈಮನ್, ಜಾಕ್ಸನ್ 1965ರಲ್ಲಿ ತೀರಿಕೊಂಡ ಮರುವರ್ಷ ತಾವು ಸಂಪಾದಿಸಿದ ಸಂಕಲನದ ಮುನ್ನುಡಿಯಲ್ಲಿ, ಆಕೆ ಚಿತ್ರಿಸಿದ ಕ್ರೌರ್ಯ ವೈಯಕ್ತಿಕ ಮನೋವಿಕಾರವಲ್ಲ, ಸೆರೆಶಿಬಿರ ಮತ್ತು ಅಣುಬಾಂಬುಗಳ ಕಾಲದ ನಿಷ್ಠ ಚಿತ್ರಣ ಎಂದು ವಾದಿಸಿದರು. 2006ರ ಪೆಂಗ್ವಿನ್ ಆವೃತ್ತಿಗೆ ಪ್ರಸ್ತಾವನೆ ಬರೆದ ಕಾದಂಬರಿಕಾರ ಜೊನಾಥನ್ ಲೆಥೆಮ್, ಜಾಕ್ಸನ್ ವಾಸವಾಗಿದ್ದ ವರ್ಮಾಂಟ್ ರಾಜ್ಯದ ನಾರ್ತ್ ಬೆನಿಂಗ್ಟನ್ ಊರನ್ನು ಕಾದಂಬರಿಯ ಹಳ್ಳಿಯಲ್ಲಿ ಕಂಡರು. 2016ರಲ್ಲಿ ಪ್ರಕಟವಾದ ರೂತ್ ಫ್ರಾಂಕ್ಲಿನ್ ಅವರ ಜೀವನಚರಿತ್ರೆ ಲೇಖಕಿಯನ್ನು ಆ ಕಾಲದ ಗೃಹಿಣಿಯರ ಅವ್ಯಕ್ತ ಸಂಕಟದ ಹಿನ್ನೆಲೆಯಲ್ಲಿ ನಿಲ್ಲಿಸಿತು. ಬೆಟ್ಟಿ ಫ್ರೀಡನ್ ಅವರ 'ದ ಫೆಮಿನೈನ್ ಮಿಸ್ಟಿಕ್' ಹೊರಬಂದದ್ದು ಈ ಕಾದಂಬರಿಯ ಮರುವರ್ಷವೇ, 1963ರಲ್ಲಿ. ತಮಾಷೆಯ ಸಂಗತಿಯೆಂದರೆ, ಸಂಸಾರದ ಪಾಡನ್ನು ನಗೆಬರಹವಾಗಿಸುವ ಲೇಖಕಿಯರನ್ನು ಟೀಕಿಸುವಾಗ ಫ್ರೀಡನ್ ಜಾಕ್ಸನ್ ಅವರನ್ನೂ ಆ ಸಾಲಿಗೆ ಸೇರಿಸಿದ್ದರು. ಒಬ್ಬಳೇ ಲೇಖಕಿ ಮಕ್ಕಳ ತುಂಟಾಟದ ಪುಸ್ತಕವನ್ನೂ ಸಕ್ಕರೆ ಬಟ್ಟಲಿನ ಪುಸ್ತಕವನ್ನೂ ಬರೆದದ್ದು ಹೇಗೆ ಎಂದು ಆ ಕಾಲದವರು ಕೇಳಿಕೊಂಡಂತೆ ತೋರುವುದಿಲ್ಲ.

ಈ ಎಲ್ಲ ವಾಚನಗಳೂ ಒಂದು ವಿಷಯದಲ್ಲಿ ಸಹಮತ ಹೊಂದಿವೆ: ಭಯ ಹೊರಗಿದೆ. ಕಾಲದಲ್ಲಿದೆ, ಹಳ್ಳಿಯಲ್ಲಿದೆ, ಗಂಡಾಳಿಕೆಯಲ್ಲಿದೆ. ಸಾಮಾನ್ಯ ಓದುಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಆ ತಂದೆ ತಾಯಿ ಮಕ್ಕಳಿಗೆ ಏನೋ ಘೋರ ಅನ್ಯಾಯ ಮಾಡಿದ್ದಿರಬೇಕು, ಇಲ್ಲದಿದ್ದರೆ ಹನ್ನೆರಡರ ಹುಡುಗಿ ಹೀಗೇಕೆ ಮಾಡುತ್ತಾಳೆ ಎಂಬುದು ಅವರಲ್ಲಿ ವ್ಯಾಪಕವಾಗಿರುವ ಊಹೆ. ಪಠ್ಯದಲ್ಲಿ ಇದಕ್ಕೆ ಆಧಾರ ಎಷ್ಟು? ತಂದೆ ಜಿಪುಣನಂತೆ ಕಾಣುತ್ತಾನೆ. ತನಗೆ ಸಾಲ ಕೊಡಬೇಕಾದವರ, ಉಪಕಾರ ತೀರಿಸಬೇಕಾದವರ ಹೆಸರುಗಳನ್ನು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಮನೆಯಲ್ಲಿದ್ದ ತಮ್ಮ ದಂಪತಿಗಳ ಊಟವನ್ನೂ ಆತ ಎತ್ತಿ ಆಡುತ್ತಿದ್ದನೆಂದು ಜೂಲಿಯನ್ ನೆನೆಯುತ್ತಾನೆ. ತಾಯಿ ಜಂಬದವಳು, ಊರಿನವರು ತನ್ನ ಬಾಗಿಲ ಮುಂದೆ ಹಾದುಹೋಗುವುದು ಅವಳಿಗೆ ಸಹ್ಯವಿರಲಿಲ್ಲ. ಇಷ್ಟೇ. ಇಷ್ಟು ದೋಷ ನಮ್ಮ ಯಾವ ಕೂಡುಕುಟುಂಬದಲ್ಲಿ ಇರಲಿಲ್ಲ? ಉಳಿದುದನ್ನೆಲ್ಲ ಓದುಗರು ತಾವಾಗಿ ತುಂಬಿಕೊಂಡಿದ್ದಾರೆ.

ಅವರು ಹೀಗೆ ತುಂಬಿಕೊಳ್ಳುವಂತೆ ಮಾಡಿದ್ದು ಮೆರಿಕ್ಯಾಟ್‌ಳ ದನಿ. ತೋಟದ ಮಂಟಪದಲ್ಲಿ ಅವಳು ಒಂಟಿಯಾಗಿ ಕುಳಿತು ಸತ್ತ ಕುಟುಂಬವನ್ನು ಮತ್ತೆ ಊಟದ ಮೇಜಿಗೆ ಕೂರಿಸಿಕೊಳ್ಳುವ ಒಂದು ಪ್ರಸಂಗವಿದೆ. ಅವಳ ಕಲ್ಪನೆಯಲ್ಲಿ ಎಲ್ಲರೂ ಅವಳನ್ನು ಕೊಂಡಾಡುತ್ತಾರೆ. ಅವಳನ್ನು ಎಂದಿಗೂ ದಂಡಿಸಬಾರದು ಎನ್ನುತ್ತಾರೆ. ಥಾಮಸ್ ತನ್ನ ಪಾಲಿನ ಊಟವನ್ನು ಅಕ್ಕನಿಗೆ ಬಿಟ್ಟುಕೊಡಬೇಕಾಗುತ್ತದೆ. ಬಹುತೇಕ ಓದುಗರು ಇದನ್ನು ಪ್ರೀತಿ ಕಾಣದ ಮಗುವಿನ ಹಸಿವು ಎಂದು ಓದಿ ಮರುಗುತ್ತಾರೆ. ಮರುಗುವುದು ತಪ್ಪಲ್ಲ. ಆದರೆ ಇದೇ ಪುಟ, ಯಾವ ಶಿಕ್ಷೆಯನ್ನೂ ಸಹಿಸದ, ಇಡೀ ಮನೆ ತನ್ನ ಮುಂದೆ ತಲೆಬಾಗಬೇಕೆನ್ನುವ ಮನಸ್ಸಿನ ಚಿತ್ರವೂ ಆಗಬಲ್ಲದು. ವೇನ್ ಬೂತ್ ಅವರು ವಿಶ್ವಾಸಕ್ಕೆ ಅರ್ಹನಲ್ಲದ ನಿರೂಪಕನ ಪರಿಕಲ್ಪನೆಯನ್ನು ಮಂಡಿಸಿದ 'ದ ರೆಟರಿಕ್ ಆಫ್ ಫಿಕ್ಷನ್' ಈ ಕಾದಂಬರಿಗಿಂತ ಒಂದೇ ವರ್ಷ ಹಿಂದಿನದು (1961). ಅಲ್ಲಿಂದ ಮುಂದೆ ಎಲ್ಲ ವಿಮರ್ಶಕರೂ ಮೆರಿಕ್ಯಾಟ್‌ಳನ್ನು ಆ ಹೆಸರಿನಿಂದ ಕರೆದಿದ್ದಾರೆ. ಕರೆದೂ ಅವಳ ಮಾತನ್ನು ನಂಬಿದ್ದಾರೆ!

ಭಾರತೀಯ ಕಾವ್ಯಮೀಮಾಂಸೆಯ ಒಂದು ಪ್ರಸಿದ್ಧ ಉದಾಹರಣೆ ಇಲ್ಲಿ ನೆರವಿಗೆ ಬರುತ್ತದೆ. ಭಯಾನಕ ರಸವನ್ನು ವಿವರಿಸುವಾಗ ಅಭಿನವಗುಪ್ತನು ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ, ಹಿಂದಿರುಗಿ ನೋಡುತ್ತ ಓಡುವ ಜಿಂಕೆಯನ್ನು ತೆಗೆದುಕೊಳ್ಳುತ್ತಾನೆ. ಅಲ್ಲಿ ಸಹೃದಯನಿಗೆ ಉಂಟಾಗುವ ಭಯ ಆ ಜಿಂಕೆಯದೂ ಅಲ್ಲ, ತನ್ನದೂ ಅಲ್ಲ. ದೇಶಕಾಲಗಳ ಕಟ್ಟಿಲ್ಲದ, ಸಾಧಾರಣೀಕರಣಗೊಂಡ ಭಯ. ಬೇಟೆಗಾರ ಯಾರು, ಬೇಟೆ ಯಾವುದು ಎಂಬ ಬಗ್ಗೆ ಆ ಶ್ಲೋಕದಲ್ಲಿ ಸಂದೇಹವಿಲ್ಲ. ಜಾಕ್ಸನ್ ಮಾಡಿದ್ದು ಈ ವ್ಯವಸ್ಥೆಯನ್ನೇ ತಲೆಕೆಳಗು ಮಾಡಿದ್ದು. ಅಂಗಡಿಗೆ ಹೋಗಿಬರುವ ಮೆರಿಕ್ಯಾಟ್‌ಳನ್ನು ಊರಿನ ಮಕ್ಕಳು ಹಾಡು ಕಟ್ಟಿ ಹಂಗಿಸುವ ಮೊದಲ ಅಧ್ಯಾಯದಲ್ಲಿಯೇ ನಾವು ಅವಳನ್ನು ಜಿಂಕೆಯೆಂದು ಒಪ್ಪಿಬಿಡುತ್ತೇವೆ. ಸತ್ಯ ತಿಳಿಯುವ ಹೊತ್ತಿಗೆ ಸಾಧಾರಣೀಕರಣ ಮುಗಿದುಹೋಗಿರುತ್ತದೆ, ಹಿಂದಿರುಗಲು ದಾರಿಯಿರುವುದಿಲ್ಲ. ಸಹೃದಯತೆಯನ್ನು ನಮ್ಮ ಮೀಮಾಂಸಕರು ಗುಣವೆಂದೇ ಗಣಿಸಿದರು. ಅದು ಓದುಗನನ್ನು ಅಪರಾಧದಲ್ಲಿ ಪಾಲುದಾರನಾಗಿಸಬಲ್ಲದು ಎಂಬ ಸಾಧ್ಯತೆಯನ್ನು ಈ ಕಾದಂಬರಿ ಎದುರಿಗಿಡುತ್ತದೆ.

1966ರಲ್ಲಿ ಹ್ಯೂ ವೀಲರ್ ಇದನ್ನು ನಾಟಕವಾಗಿ ರೂಪಾಂತರಿಸಿದಾಗ ಬ್ರಾಡ್‌ವೇ ರಂಗಭೂಮಿಯಲ್ಲಿ ಅದು ಕೆಲವೇ ಪ್ರದರ್ಶನಗಳಲ್ಲಿ ಮುಗಿಯಿತು. ನಾಟಕದ ಸೋಲಿಗೆ ಹಲವು ಕಾರಣಗಳಿರುತ್ತವೆ. ಆದರೂ ನಿರೂಪಕಿಯ ದನಿ ಹಿಂದೆ ಸರಿದು, ಹುಡುಗಿಯೊಬ್ಬಳನ್ನು ಎಲ್ಲರಂತೆ ಹೊರಗಿನಿಂದ ನೋಡಬೇಕಾಗಿ ಬಂದರೆ ಆ ಒಲವು ಹುಟ್ಟುವುದು ಕಷ್ಟ ಎಂಬುದು ಸ್ಪಷ್ಟ.

ಓದುಗರಲ್ಲಿ ಬಳಕೆಯಲ್ಲಿರುವ ಇನ್ನೊಂದು ವಾದವನ್ನು ಇಲ್ಲಿ ಪ್ರಸ್ತಾಪಿಸಬೇಕು. ಮೆರಿಕ್ಯಾಟ್ ಬದುಕಿಯೇ ಇಲ್ಲ, ಅವಳು ಪ್ರೇತ ಎಂಬುದು ಆ ವಾದ. ಅಕ್ಕನ ವಿಚಾರಣೆಯ ಕಾಲದಲ್ಲಿ ಮೇರಿ ಕ್ಯಾಥರೀನ್ ಅನಾಥಾಲಯದಲ್ಲಿ ಆರೈಕೆಯಿಲ್ಲದೆ ಸತ್ತಳು ಎಂದು ಜೂಲಿಯನ್ ಹೇಳುವ ಮಾತು ಇದಕ್ಕೆ ಆಧಾರ. ಊರಿನವರೆಲ್ಲ ಅವಳನ್ನು ಕಂಡು, ಮಾತಾಡಿಸಿ, ಅಂಗಡಿಯಲ್ಲಿ ಅವಳಿಗೆ ಸಾಮಾನು ಕೊಡುವಾಗ ಈ ವಾದ ನಿಲ್ಲುವುದಿಲ್ಲ. ಅದರ ನಿಜಾಂಶಕ್ಕಿಂತ ಅದು ಹುಟ್ಟಿದ ಕಾರಣ ಮುಖ್ಯ. ಕೊಲೆಗಾತಿ ಮೊದಲೇ ಸತ್ತಿದ್ದರೆ ಅವಳಿಗೆ ತೀರ್ಪು ಹೇಳುವ ಹೊಣೆ ಓದುಗರಿಗೆ ಇರುವುದಿಲ್ಲ.

ಅಮೆರಿಕದ ವಿಮರ್ಶಕ ನಾರ್ಮನ್ ಹಾಲೆಂಡ್ 1975ರಲ್ಲಿ ಪ್ರಕಟಿಸಿದ '5 ರೀಡರ್ಸ್ ರೀಡಿಂಗ್' ಎಂಬ ಗ್ರಂಥದಲ್ಲಿ ಐವರು ವಿದ್ಯಾರ್ಥಿಗಳು ಕಥೆಗಳನ್ನು ಓದಿದ ಬಗೆಯನ್ನು ಅಧ್ಯಯನ ಮಾಡಿದ್ದಾರೆ. ಅವುಗಳಲ್ಲಿ ಫಾಕ್ನರ್‌ನ 'ಎ ರೋಸ್ ಫಾರ್ ಎಮಿಲಿ'ಯೂ ಒಂದು. ಅದರಲ್ಲಿಯೂ ಮುಚ್ಚಿದ ಮನೆ, ಒಂಟಿ ಹೆಣ್ಣು, ಪಾಷಾಣ ಇವೆ. ಓದುಗರು ಕೃತಿಯಲ್ಲಿ ತಮ್ಮ ತಮ್ಮ ವ್ಯಕ್ತಿತ್ವವನ್ನೇ ಮರುಸೃಷ್ಟಿಸಿಕೊಳ್ಳುತ್ತಾರೆ ಎಂಬುದು ಅವರ ನಿಲುವು. ನನ್ನ ಮಿತವಾದ ಅನುಭವ ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಸ್ನಾತಕೋತ್ತರ ತರಗತಿಯಲ್ಲಿ ಜಾಕ್ಸನ್ ಅವರ ಕಾದಂಬರಿಯನ್ನು ಚರ್ಚೆಗೆ ತೆಗೆದುಕೊಂಡಾಗ, ಬೇರೆ ಬೇರೆ ಹಿನ್ನೆಲೆಯ ವಿದ್ಯಾರ್ಥಿಗಳೆಲ್ಲ ಒಂದೇ ಮಾತಾಡಿದರು: ಅಕ್ಕತಂಗಿಯರನ್ನು ಅವರ ಪಾಡಿಗೆ ಬಿಡಬೇಕಿತ್ತು. ತಿಜೋರಿಯ ಹಣದ ಮೇಲೆ ಕಣ್ಣಿಟ್ಟು ಬಂದ ದಾಯಾದಿ ಚಾರ್ಲ್ಸ್ ಮೇಲಂತೂ ಅವರ ಸಿಟ್ಟು ಹೇಳತೀರದು. ಆಸ್ತಿಗಾಗಿ ಬರುವ ನೆಂಟನನ್ನು ಗುರುತಿಸಲು ನಮ್ಮವರಿಗೆ ಯಾರ ಸಹಾಯವೂ ಬೇಡ. ಕೊನೆಯ ಬೆಂಚಿನಲ್ಲಿದ್ದ ಒಬ್ಬ ಹುಡುಗಿ ಮಾತ್ರ ಬಹಳ ಹೊತ್ತಿನ ಮೇಲೆ ಎದ್ದು ನಿಂತು, "ಆ ಥಾಮಸ್ ಏನು ತಪ್ಪು ಮಾಡಿದ್ದ ಸಾರ್?" ಎಂದು ಕೇಳಿದಳು. ತರಗತಿ ಸುಮ್ಮನಾಯಿತು. ಎರಡು ಸಲ ಆ ಪುಸ್ತಕ ಓದಿದ್ದ ನನಗೂ ಆ ಪ್ರಶ್ನೆ ಅದುವರೆಗೆ ಹೊಳೆದಿರಲಿಲ್ಲ.

ಕನ್ನಡದ ಓದುಗರಿಗೆ ಈ ಅನುಭವ ತೀರ ಅಪರಿಚಿತವೇನೂ ಅಲ್ಲ. 2013ರಲ್ಲಿ ಪ್ರಕಟವಾದ ವಿವೇಕ ಶಾನಭಾಗರ 'ಘಾಚರ್ ಘೋಚರ್' ಭಯಾನಕ ಕಾದಂಬರಿಯಲ್ಲ. ಆದರೂ ಅಲ್ಲಿ ಮನೆಮಂದಿಯ ಒಗ್ಗಟ್ಟನ್ನು ಅಕ್ಕರೆಯಿಂದ ವರ್ಣಿಸುವ ನಿರೂಪಕನ ಜೊತೆಗೆ ನಡೆದು ಬಂದವರು ಕೊನೆಗೆ ಬೆಚ್ಚುತ್ತಾರೆ. ವ್ಯತ್ಯಾಸವಿರುವುದು ಇಲ್ಲಿ: ಶಾನಭಾಗರ ಓದುಗ ಬೆಚ್ಚಿ ಹಿಂದೆ ಸರಿಯುತ್ತಾನೆ, ಜಾಕ್ಸನ್ ಅವರ ಓದುಗ ಕೊಲೆಗಾತಿಯ ಸುಖವನ್ನು ಹಾರೈಸುತ್ತಲೇ ಪುಸ್ತಕ ಮುಚ್ಚುತ್ತಾನೆ.

ಆ ಕೊನೆಯ ಅಧ್ಯಾಯವನ್ನು ಇನ್ನೊಮ್ಮೆ ನೋಡಬಹುದು. ಅರ್ಧ ಸುಟ್ಟ ಮನೆಯ ಅಡಿಗೆಕೋಣೆಯಲ್ಲಿ ಅಕ್ಕತಂಗಿಯರು ಯಾರ ಕಣ್ಣಿಗೂ ಬೀಳದೆ ಬದುಕುತ್ತಿದ್ದಾರೆ. ಕಲ್ಲೆಸೆದ ಊರಿನವರೇ ರಾತ್ರಿ ಹೊತ್ತು ಬಾಗಿಲಲ್ಲಿ ಆಹಾರದ ಬುಟ್ಟಿ ಇಟ್ಟು, ಕ್ಷಮೆ ಕೇಳುವ ಚೀಟಿ ಬರೆದು ಹೋಗುತ್ತಾರೆ. ಒಂದು ದಿನ ಒಬ್ಬ ಚಿಕ್ಕ ಹುಡುಗ ಗೆಳೆಯರ ಪಂಥಕ್ಕೆ ಮೆಟ್ಟಿಲು ಹತ್ತಿ, ಹಳೆಯ ಹಂಗಿಸುವ ಹಾಡನ್ನು ಹೇಳಿ ಓಡುತ್ತಾನೆ. ಆ ರಾತ್ರಿ ಬಾಗಿಲಲ್ಲಿ ಮೊಟ್ಟೆಗಳ ಬುಟ್ಟಿ ಕಾಣಿಸುತ್ತದೆ. ಹುಡುಗ ಬೇಕೆಂದು ಮಾಡಿದ್ದಲ್ಲ ಎಂದು ಬೇಡಿಕೊಳ್ಳುವ ಒಂದು ಚೀಟಿಯೂ ಇದೆ. ಮಗುವನ್ನು ತಿನ್ನಲು ತನ್ನಿಂದಾದೀತೇ ಎಂದು ತಂಗಿ ಯೋಚಿಸುತ್ತಾಳೆ. ಬೇಯಿಸಲು ತನ್ನಿಂದಾಗದು ಎಂದು ಅಕ್ಕ ಉತ್ತರಿಸುತ್ತಾಳೆ. ಈ ಮಾತಿಗೆ ನಗದ ಓದುಗರನ್ನು ನಾನು ಕಂಡಿಲ್ಲ, ನಾನೂ ನಕ್ಕಿದ್ದೇನೆ. ಸಕ್ಕರೆ ಬಟ್ಟಲು ಮೇಜಿಗೆ ಬಂದ ಆ ರಾತ್ರಿ ಥಾಮಸ್‌ನಿಗೆ ಹತ್ತು ವರ್ಷ.