ಮರಳುಗಾಡಿನ ರಂಗಮಂದಿರವೂ ಗೋಡೆಯ ಮೇಲಿನ ಪ್ರೇಕ್ಷಕರೂ

ಲಾಸ್ ವೇಗಸ್ ನೋಡಲು ಹೋಗುವ ನಮ್ಮ ಕುಟುಂಬಗಳಲ್ಲಿ ಅನೇಕರು ಅಲ್ಲಿಂದ ಡೆತ್ ವ್ಯಾಲಿಗೂ ಹೋಗಿ ಬರುವುದುಂಟು. ನೆವಾಡ ಗಡಿ ದಾಟಿ ಕ್ಯಾಲಿಫೋರ್ನಿಯಾ ಸೇರಿದ ಸ್ವಲ್ಪ ಹೊತ್ತಿಗೇ ಡೆತ್ ವ್ಯಾಲಿ ಜಂಕ್ಷನ್ ಸಿಗುತ್ತದೆ. ಹೆಸರಿಗಷ್ಟೇ ಊರು; ಖಾಯಂ ವಾಸಿಗಳನ್ನು ಬೆರಳಲ್ಲಿ ಎಣಿಸಬಹುದು. ಅಲ್ಲಿ ಬಿಳಿಯ ಹಳೇ ಕಟ್ಟಡವೊಂದರ ಮೇಲೆ 'ಅಮರ್ಗೋಸ ಆಪರಾ ಹೌಸ್' ಎಂದು ಬರೆದಿದೆ. ಆ ಪುಟ್ಟ ರಂಗಮಂದಿರದಲ್ಲಿ ಮಾರ್ತಾ ಬೆಕೆಟ್ ಎಂಬ ನರ್ತಕಿ 1968ರಿಂದ 2012ರವರೆಗೆ, ವರ್ಷ ವರ್ಷವೂ ಚಳಿಗಾಲದ ಸೀಸನ್ ನಡೆಸಿದರು. ಈ ಸಾಹಸವನ್ನು ಹೊಗಳಿದವರು ಬಹಳ ಮಂದಿ. ಹೊಗಳಿಕೆಯ ಜೊತೆಗೆ ಸ್ವಲ್ಪ ವಿಮರ್ಶೆಯೂ ಇರಲೆಂದು ಈ ಬರಹ.

ಮೊದಲು ಹಿನ್ನೆಲೆ. 1920ರ ದಶಕದಲ್ಲಿ ಪೆಸಿಫಿಕ್ ಕೋಸ್ಟ್ ಬೋರಾಕ್ಸ್ ಕಂಪನಿ ತನ್ನ ಕೆಲಸಗಾರರಿಗಾಗಿ ಈ ಊರನ್ನು ಕಟ್ಟಿಸಿತು. ಊಟದ ಮನೆ, ವಸತಿ, ಜೊತೆಗೆ ಕುಣಿತ, ಸಿನಿಮಾ, ಸಭೆಗಳಿಗೆಂದು ಕಾರ್ಕ್‌ಹಿಲ್ ಹಾಲ್. ಗಣಿಯ ವ್ಯವಹಾರ ಬೇರೆಡೆಗೆ ಹೋದ ಮೇಲೆ ಊರು ಬರಿದಾಯಿತು. ನ್ಯೂಯಾರ್ಕಿನಲ್ಲಿ ಹುಟ್ಟಿ ಬ್ರಾಡ್‌ವೇ ಸಂಗೀತ ನಾಟಕಗಳಲ್ಲಿ ಕುಣಿದಿದ್ದ ಮಾರ್ತಾ 1967ರಲ್ಲಿ ಈ ದಾರಿಯಲ್ಲಿ ಬಂದಾಗ ಗಾಡಿಯ ಟೈರು ಪಂಕ್ಚರಾಯಿತು. ರಿಪೇರಿ ಆಗುವಷ್ಟರಲ್ಲಿ ಪಾಳು ಬಿದ್ದ ಹಾಲು ಕಣ್ಣಿಗೆ ಬಿತ್ತು. ತಿಂಗಳಿಗೆ 45 ಡಾಲರ್ ಬಾಡಿಗೆಗೆ ಹಿಡಿದರು. 1968ರ ಫೆಬ್ರವರಿ 10ರಂದು ಮೊದಲ ಪ್ರದರ್ಶನ. ಪ್ರೇಕ್ಷಕರು 12 ಜನ.

ಅದೇ ವರ್ಷ ನೆರೆ ನೀರು ಒಳಗೆ ನುಗ್ಗಿ ಕೆಸರು ತುಂಬಿತು. ಅದನ್ನು ತೊಳೆದು ಮಾರ್ತಾ ಗೋಡೆಗಳ ಮೇಲೆ ಚಿತ್ರ ಬರೆಯತೊಡಗಿದರು. ಹದಿನಾರನೆಯ ಶತಮಾನದ ಸ್ಪೇನಿನ ರಾಜ, ರಾಣಿ, ಸನ್ಯಾಸಿಗಳು, ಗೂಳಿ ಕಾಳಗದವರು, ಜಿಪ್ಸಿಗಳು ಎಲ್ಲರೂ ಬಾಲ್ಕನಿಗಳಲ್ಲಿ ಕುಳಿತು ವೇದಿಕೆ ನೋಡುವ ಚಿತ್ರ. ಗೋಡೆಗಳಿಗೆ ನಾಲ್ಕು ವರ್ಷ, ಮೇಲ್ಛಾವಣಿಗೆ ಇನ್ನೆರಡು ವರ್ಷ ಹಿಡಿಯಿತು. ನಿಜವಾದ ಪ್ರೇಕ್ಷಕರು ಬಾರದ ರಾತ್ರಿಗಳಲ್ಲಿ ಇವರ ಮುಂದೆಯೇ ಕುಣಿದರು.

ಈ ಮಾತು ಕೇಳಿದವರಿಗೆ ಮನಸ್ಸು ಕರಗುತ್ತದೆ. ಆದರೆ ನನಗೆ ದೊಡ್ಡದಾಗಿ ಕಾಣುವುದು ಚಿತ್ರಗಳಲ್ಲ, ಸೀಸನ್ನಿನ ಶಿಸ್ತು. ಪ್ರದರ್ಶನವೆಂದು ಹೇಳಿದ ದಿನ ಪರದೆ ಏಳಲೇಬೇಕು. ಟಿಕೆಟ್ ಎಷ್ಟು ಹೋಯಿತೆಂದು ನೋಡಿ ತೀರ್ಮಾನಿಸುವ ಮಾತಿಲ್ಲ. ಹೀಗೆ ದಿನ ತಪ್ಪದೆ ನಡೆದದ್ದರಿಂದಲೇ ಸುದ್ದಿ ಹಬ್ಬಿತು. 1970ರ ಹೊತ್ತಿಗೆ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆಯವರೆಗೂ ಹೋಯಿತು. ದೂರದೂರದಿಂದ ಜನ ಬಂದರು. ಮುಂದೆ ಊರು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿತು.

ಇನ್ನು ಕೊರತೆಯ ಮಾತು. ಕಥೆ, ನೃತ್ಯ ಸಂಯೋಜನೆ, ರಂಗಸಜ್ಜಿಕೆ, ಉಡುಪು ಹೊಲಿಯುವುದು, ಕುಣಿಯುವುದು ಎಲ್ಲವೂ ಮಾರ್ತಾ ಅವರದೇ. ಟಾಮ್ ವಿಲೆಟ್ ಎಂಬವರು ಕಾರ್ಯಕ್ರಮ ನಿರೂಪಕರಾಗಿ, ಹಾಸ್ಯ ಪಾತ್ರಧಾರಿಯಾಗಿ ಜೊತೆಗಿದ್ದರು. ಅವರು 2005ರಲ್ಲಿ ತೀರಿಕೊಂಡರು. ಒಬ್ಬರೇ ಎಲ್ಲವನ್ನೂ ಮಾಡಿದರೆ ರುಚಿ ಒಂದೇ ಆಗುತ್ತದೆ. ಬ್ಯಾಲೆ, ಮೂಕಾಭಿನಯ, ಹಳೆಗಾಲದ ವೈಭವ — ಈ ಲೋಕದಿಂದ ಹೊರಗೆ ಎಳೆಯುವವರು ಯಾರೂ ಇರಲಿಲ್ಲ. ಬಣ್ಣದ ಪ್ರೇಕ್ಷಕರು ಎದ್ದು ಹೋಗುವುದಿಲ್ಲ, ಸರಿ. 'ಇದು ಹೋದ ವರ್ಷದ್ದೇ ಆಯಿತಲ್ಲ' ಎಂದು ಹೇಳುವವರೂ ಅವರಲ್ಲ. ಕಲಾವಿದರಿಗೆ ಈ ಎರಡನೆಯವರೂ ಬೇಕು.

ಇಲ್ಲಿ ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ನೆನಪಾಗುತ್ತವೆ. ಅವುಗಳ ತಿರುಗಾಟವೂ ಹೆಚ್ಚು ಕಡಿಮೆ ಇದೇ ತಿಂಗಳುಗಳಲ್ಲಿ, ನವೆಂಬರಿನಿಂದ ಮೇ ತನಕ. ಅಲ್ಲಿ ಮಳೆಗೆ ಆಟ ನಿಲ್ಲುತ್ತದೆ, ಇಲ್ಲಿ ಬಿಸಿಲಿಗೆ. ಆದರೆ ಮೇಳದಲ್ಲಿ ಒಬ್ಬ ವೇಷಧಾರಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬ ಗೆಜ್ಜೆ ಕಟ್ಟುತ್ತಾನೆ. ಕೋಡಂಗಿ, ಬಾಲಗೋಪಾಲ ವೇಷ ಹಾಕಿದ ಹುಡುಗ ಮುಂದೆ ದೊಡ್ಡ ವೇಷಕ್ಕೆ ಬರುತ್ತಾನೆ. ಅಮರ್ಗೋಸದಲ್ಲಿ ಇಂಥ ಸಾಲು ಇರಲಿಲ್ಲ. ಮಾರ್ತಾ ಕೊನೆಯ ವರ್ಷಗಳಲ್ಲಿ ಕುಳಿತೇ ಪ್ರದರ್ಶನ ಕೊಟ್ಟರು. 2012ರ ಫೆಬ್ರವರಿಯಲ್ಲಿ, 87ನೆಯ ವಯಸ್ಸಿನಲ್ಲಿ, ನಿಲ್ಲಿಸಿದರು. 2017ರ ಜನವರಿ 30ರಂದು ನಿಧನರಾದರು. ಚಿಕ್ಕಂದಿನಲ್ಲಿ ಅವರ ನೃತ್ಯ ನೋಡಿದ್ದ ಜೆನ್ನಾ ಮೆಕ್ಲಿಂಟಾಕ್ ಎಂಬ ಬ್ಯಾಲೆ ಕಲಾವಿದೆ ಆಮೇಲೆ ಬಂದು, ಅದೇ ವೇದಿಕೆಯಲ್ಲಿ ಅವರ ಕೆಲವು ನೃತ್ಯಗಳನ್ನು ಮತ್ತೆ ಮಾಡಿದರು. ಎದುರಿಗೆ ಕುಳಿತು ನೋಡಿದ ಒಂದು ಮಗುವಿನಿಂದ ಆದ ಕೆಲಸ ಅದು. ಗೋಡೆಯ ರಾಜ ರಾಣಿಯರಿಂದ ಆಗುವಂಥದ್ದಲ್ಲ.

ಇದರಲ್ಲಿ ನಮ್ಮಂಥ ಸಂಘಗಳಿಗೂ ಒಂದು ಮಾತಿದೆ. ಯುಗಾದಿ, ರಾಜ್ಯೋತ್ಸವಗಳಿಗೆ ನಾಟಕ ಆಡುವವರು ಪ್ರತಿ ವರ್ಷವೂ ಅದೇ ನಾಲ್ಕೈದು ಮಂದಿ. ಹೆಸರು ಕೊಟ್ಟವರು ಕಡಿಮೆಯಾದರೆ ನಾಟಕ ಮುಂದಕ್ಕೆ ಹೋಗುತ್ತದೆ. ಗೊತ್ತಾದ ದಿನಕ್ಕೆ ಆಡಿಯೇ ತೀರುವುದನ್ನು ಮಾರ್ತಾ ಅವರಿಂದ ಕಲಿಯೋಣ. ಮುಂದಿನ ವೇಷಧಾರಿಯನ್ನು ಈಗಲೇ ತಯಾರು ಮಾಡುವುದನ್ನು ನಮ್ಮ ಮೇಳಗಳಿಂದ ಕಲಿಯೋಣ. ಮಕ್ಕಳಿಗೆ ಎರಡು ಸಾಲಿನ ಪಾತ್ರವಾದರೂ ಇರಲಿ. ಇಲ್ಲದಿದ್ದರೆ ಮುಂದಿನ ಸಾಲಿನ ಕುರ್ಚಿಯಾದರೂ ಇರಲಿ.

ಟಾಡ್ ರಾಬಿನ್ಸನ್ ನಿರ್ದೇಶಿಸಿದ 'ಅಮರ್ಗೋಸ' (2000) ಎಂಬ ಸಾಕ್ಷ್ಯಚಿತ್ರ ಸಿಕ್ಕರೆ ಮನೆಮಂದಿಯೆಲ್ಲ ಕುಳಿತು ನೋಡಿ. ಡೆತ್ ವ್ಯಾಲಿಗೆ ಹೋಗುವವರು ಆಪರಾ ಹೌಸ್ ತೆರೆದಿರುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ವಿಚಾರಿಸಿಕೊಂಡು ಹೊರಡಿ. ದಾರಿಯಲ್ಲಿ ಅಂಗಡಿಗಳು ವಿರಳ; ನೀರು, ಪೆಟ್ರೋಲು ಸಾಕಷ್ಟಿರಲಿ.